ದೊಡ್ಡವ್ವನ ನೀಲಿ ಬಾಯಿ

ನಮ್ಮ ದೊಡ್ಡವ್ವ ಮನೆಯಲ್ಲಿದ್ದಾಳೋ ಇಲ್ಲವೋ ಎಂದು ತಿಳಿಯಲು ಬಾಗಿಲು ಬಡಿಯಬೇಕಾಗಿಲ್ಲ. ಊಟದ ಹೊತ್ತಿಗೆ ಬ್ಯಾಡಗಿಯ ಅವಳ ಓಣಿಯ ತುದಿಯಲ್ಲಿ ನಿಂತು ಕಿವಿಗೊಟ್ಟರೆ ಸಾಕು. ಕಟಂ! ಅದು ಖಡಕ್ ರೊಟ್ಟಿ ಅವಳ ಹಲ್ಲಿಗೆ ಸಿಕ್ಕ ಸಪ್ಪಳ. ಎದುರು ಮನೆಯವರು ಈ ಸಪ್ಪಳ ಕೇಳಿಯೇ ಗಡಿಯಾರ ಸರಿ ಮಾಡಿಕೊಳ್ಳುತ್ತಾರೆ ಎಂದು ನಮ್ಮ ಅಪ್ಪ ಹೇಳುವುದುಂಟು. ಅಪ್ಪನ ಮಾತಿನಲ್ಲಿ ಅರ್ಧ ಬಿಟ್ಟರೂ ಉಳಿದರ್ಧ ನಿಜವೇ. ನಾನೇ ಓಣಿಯ ತುದಿಯಲ್ಲಿ ನಿಂತು ಪರೀಕ್ಷಿಸಿದ್ದೇನೆ.

ಹಲ್ಲಿನ ವಿಷಯದಲ್ಲಿ ದೊಡ್ಡವ್ವನಿಗೆ ಇದ್ದ ಅಭಿಮಾನ ಬೇರೆಯವರಿಗೆ ಬಂಗಾರದ ವಿಷಯದಲ್ಲಿಯೂ ಇರುವುದಿಲ್ಲ. ಕಬ್ಬನ್ನು ಕುಡುಗೋಲಿನಿಂದ ಕತ್ತರಿಸುವವರನ್ನು ಕಂಡರೆ ಅವಳಿಗೆ ಕನಿಕರ. ಹೊಸದಾಗಿ ಬಂದ ಸೊಸೆ ಒಮ್ಮೆ ಪ್ರೀತಿಯಿಂದ ಮೆತ್ತನೆಯ ಚಪಾತಿ ಮಾಡಿ ಬಡಿಸಿದಳು. ದೊಡ್ಡವ್ವ ಅದನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಯವ್ವಾ, ಇದನ್ನ ತಿನ್ನೋದೋ, ಹೊಚ್ಚಿಕೊಳ್ಳೋದೋ?"

ಸೊಸೆ ಅಂದಿನಿಂದ ರೊಟ್ಟಿ ಬಡಿಯುವುದನ್ನು ಕಲಿತಳು.

ಇಂಥ ಹಲ್ಲುಗಳಿಗೆ ಪೇಟೆಯ ಪೇಸ್ಟು ಹಿಡಿಸೀತೇ? ದೊಡ್ಡವ್ವ ತನ್ನ ಹಲ್ಲಿನ ಪುಡಿಯನ್ನು ತಾನೇ ಮಾಡುತ್ತಿದ್ದಳು. ಬಾದಾಮಿ ಸಿಪ್ಪೆ ಸುಟ್ಟ ಬೂದಿ, ಉಪ್ಪು, ಲವಂಗ, ಇನ್ನೂ ಏನೇನೋ. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಅವಳದು ಖಾರ ಕುಟ್ಟುವ ಗಿರಣಿಯ ಮನೆ. ಇಷ್ಟು ದೊಡ್ಡ ಯಂತ್ರ ಮನೆಯಲ್ಲಿರುವಾಗ ಒರಳು ಹಿಡಿದು ಕೂರುವುದು ಬುದ್ಧಿವಂತರ ಕೆಲಸವೇ? ಮೆಣಸಿನಕಾಯಿ ಕುಟ್ಟಿ ಮುಗಿದ ಮೇಲೆ ಅದೇ ಯಂತ್ರಕ್ಕೆ ಹಲ್ಲಿನ ಪುಡಿಯ ಸಾಮಾನು ಸುರಿಯುತ್ತಿದ್ದಳು. ಬೂದಿ ಬಣ್ಣದ ಪುಡಿ ತುಸು ಕೆಂಪಾಗಿ ಹೊರಬರುತ್ತಿತ್ತು. ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ಹೋಗಿ ಆ ಪುಡಿಯಿಂದ ಹಲ್ಲುಜ್ಜಿದ ಮೊದಲ ದಿನ ನಾನು ನೀರಿನ ಹೌದಿನಲ್ಲಿ ಮುಖವನ್ನೇ ಅದ್ದಿಕೊಂಡು ನಿಂತಿದ್ದೆ.

"ದೊಡ್ಡವ್ವಾ, ಉರಿಯಾಕತ್ತೈತಿ!"

"ಉರೀಲಿಲ್ಲಂದ್ರ ತೊಳದೈತಿ ಅಂತ ಗೊತ್ತಾಗೋದು ಹೆಂಗ?"

ಈ ತರ್ಕಕ್ಕೆ ನನ್ನಲ್ಲಿ ಆಗ ಉತ್ತರವಿರಲಿಲ್ಲ. ಆಮೇಲೆ ಧಾರವಾಡಕ್ಕೆ ಹೋಗಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದೆ. ಈಗಲೂ ಉತ್ತರವಿಲ್ಲ.

ನನ್ನ ಮನೆ ಹಾವೇರಿಯಲ್ಲಿ, ಕೆಲಸ ಬ್ಯಾಡಗಿಯಲ್ಲಿ. ಕೆಲಸವೆಂದರೆ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕುಳಿತು ಮೆಣಸಿನಕಾಯಿಯ ಬಣ್ಣ ಅಳೆಯುವುದು. ನಗಬೇಡಿ! ಬ್ಯಾಡಗಿಯ ಕಾಯಿ ಮಾರಾಟವಾಗುವುದು ಖಾರಕ್ಕಿಂತ ಹೆಚ್ಚಾಗಿ ಅದರ ಕೆಂಪಿಗೆ. ಎಷ್ಟು ಕೆಂಪು ಎಂದು ಯಾರಾದರೂ ಹೇಳಬೇಕಲ್ಲ, ಅದು ನಾನು. ನೌಕರಿ ಸಿಕ್ಕಿದೆ ಎಂದು ಪೇಡೆ ತೆಗೆದುಕೊಂಡು ಹೋದಾಗ ದೊಡ್ಡವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಣ್ಣ ನೋಡಾಕ ಎಂಎಸ್ಸಿ ಯಾಕ ಬೇಕವಾ? ಕಣ್ಣಿದ್ರ ಸಾಲದೇನು?" ಎಂದಳು. ಆದರೆ ಮರುದಿನದಿಂದ ಮಧ್ಯಾಹ್ನದ ಊಟಕ್ಕೆ ತನ್ನ ಮನೆಗೇ ಬರಬೇಕೆಂದು ಅಪ್ಪಣೆ ಮಾಡಿದಳು. ಡಬ್ಬಿ ತರುತ್ತೇನೆ ಎಂದೆ. "ಡಬ್ಬಿಯೊಳಗ ರೊಟ್ಟಿ ಮೆತ್ತಗಾಗತೈತಿ," ಎಂದಳು. ಅದಕ್ಕಿಂತ ದೊಡ್ಡ ಕಾರಣ ಬೇಕೇ?

ಹೀಗೆ ದಿನವೂ ಅಲ್ಲಿ ಊಟಕ್ಕೆ ಕೂರುತ್ತ ಆ ಮನೆಯ ಮಾತುಕತೆಯ ಕ್ರಮ ನನಗೆ ಪರಿಚಯವಾಯಿತು. ಕ್ರಮ ಎಂದೆನೇ? ದೊಡ್ಡವ್ವ ಮಾತಾಡುತ್ತಾಳೆ, ಉಳಿದವರು ಕೇಳುತ್ತಾರೆ. ಸೊಸೆಯೊಂದಿಗೆ ಕೂಗು, ಮಗನೊಂದಿಗೆ ಕೂಗು, ಹಾಲಿನವನೊಂದಿಗೆ ಕೂಗು, ಟೀವಿಯಲ್ಲಿ ಸುದ್ದಿ ಓದುವವಳೊಂದಿಗೂ ಕೂಗು. ಆದರೆ ದೊಡ್ಡಪ್ಪನೊಂದಿಗೆ ಮಾತ್ರ ಅವಳು ದನಿಯೇ ತೆಗೆಯುವುದಿಲ್ಲ. ತುಟಿ ಮಾತ್ರ ಆಡಿಸುತ್ತಾಳೆ. ಅದಕ್ಕೆ ಕಾರಣವಿದೆ. ಗಿರಣಿಯ ಸದ್ದಿನಲ್ಲಿ ಇಡೀ ಆಯುಷ್ಯ ಕಳೆದ ದೊಡ್ಡಪ್ಪನ ಕಿವಿ ಎಂದೋ ಹೋಗಿಬಿಟ್ಟಿದೆ. ಮಗ ತಂದುಕೊಟ್ಟ ಶ್ರವಣಯಂತ್ರ ಅವನ ಅಂಗಿಯ ಕಿಸೆಯಲ್ಲಿ ಎಲೆ-ಅಡಿಕೆಯ ಜೊತೆ ಸುಖವಾಗಿದೆ. "ಅದರೊಳಗ ಬರೇ ಗಿರಣಿ ಕೇಳತೈತಿ," ಎನ್ನುತ್ತಾನೆ. ಗಿರಣಿಯ ಗದ್ದಲದಲ್ಲಿ ಇಬ್ಬರೂ ಕೂಗಿ ಕೂಗಿ ಸೋತು, ಕೊನೆಗೆ ತುಟಿಯ ಮಾತಿಗೆ ಇಳಿದಿದ್ದರಂತೆ. ಈಗ ಗಿರಣಿಯನ್ನು ಮಗ ನೋಡಿಕೊಳ್ಳುತ್ತಾನೆ, ಆದರೆ ಆ ರೂಢಿ ಉಳಿದಿದೆ. ದೊಡ್ಡಪ್ಪನಿಗೆ ಬೇರೆ ಯಾರ ತುಟಿಯೂ ತಿಳಿಯುವುದಿಲ್ಲ. ನಾನು ಏನಾದರೂ ಹೇಳಿದರೆ ಅವನು ದೊಡ್ಡವ್ವನ ಕಡೆ ತಿರುಗುತ್ತಾನೆ. ಅವಳು ಅದನ್ನೇ ಸದ್ದಿಲ್ಲದೆ ಹೇಳುತ್ತಾಳೆ. ಅವನು ನನಗೆ ಉತ್ತರ ಕೊಡುತ್ತಾನೆ. ಜಗತ್ತೆಲ್ಲ ಅವನಿಗೆ ಅವಳ ಬಾಯಿಯಿಂದಲೇ ಬರಬೇಕು.

ಒಂದು ಮಧ್ಯಾಹ್ನ ದೊಡ್ಡವ್ವ ಬಾಯಿ ಮುಕ್ಕಳಿಸಿ ಎದ್ದ ಮೇಲೆ ನಾನು ಕೈ ತೊಳೆಯಲು ಹೋದೆ. ಬೇಸಿನ್ನಿನಲ್ಲಿ ತೆಳು ಗುಲಾಬಿ ನೀರು ನಿಂತಿತ್ತು.

ಬ್ಯಾಡಗಿಯ ಖಾರದ ಮನೆಯಲ್ಲಿ ಕೆಂಪಿಗೆ ಯಾರೂ ಹೆದರುವುದಿಲ್ಲ. ಅಲ್ಲಿ ಎಲ್ಲವೂ ಕೆಂಪೇ. ಬಾಗಿಲ ಚಿಲಕ ಕೆಂಪು, ಟವೆಲ್ಲು ಕೆಂಪು, ಬೆಕ್ಕಿನ ಮೀಸೆಯೂ ಕೆಂಪು! ದೊಡ್ಡವ್ವನ ಬ್ರಶ್ಶಿನ ಮೇಲೆ, ದಿಂಬಿನ ಮೇಲೆ, ಸೆರಗಿನ ಅಂಚಿನ ಮೇಲೆ ಕೆಂಪು ಕಂಡರೆ ಯಾರು ಕೇಳುತ್ತಾರೆ? "ಖಾರದ ಬಣ್ಣ" ಎಂದರೆ ಮುಗಿಯಿತು. ಬೇರೆ ಊರಿನ, ಬೇರೆ ಕಸುಬಿನ ಮನೆಯಲ್ಲಾಗಿದ್ದರೆ ಮೊದಲ ವಾರವೇ ಗದ್ದಲವಾಗುತ್ತಿತ್ತು. ಇಲ್ಲಿ ವರುಷಗಳೇ ಕಳೆದಿದ್ದವು.

ಆದರೆ ನನ್ನ ಸಂಬಳವೇ ಆ ಕೆಂಪಿಗಾಗಿ. ಮೆಣಸಿನಕಾಯಿಯ ಬಣ್ಣ ನೀರಿನಲ್ಲಿ ಕರಗುವುದಿಲ್ಲ. ಎಣ್ಣೆಯಲ್ಲಿ ಕರಗುತ್ತದೆ. ನೀರಿಗೆ ಬಿದ್ದರೆ ಕಿತ್ತಳೆ ಬಣ್ಣದ ಕಣಗಳಾಗಿ ಅಂಚಿಗೆ ಅಂಟಿಕೊಳ್ಳುತ್ತದೆ. ಈ ಗುಲಾಬಿ ನೀರಿನಲ್ಲಿ ಒಂದು ಕಣವೂ ಇರಲಿಲ್ಲ.

"ದೊಡ್ಡವ್ವಾ, ಇದು ಖಾರ ಅಲ್ಲ. ರಕ್ತ."

"ಖಾರ ಅದು."

"ಖಾರ ನೀರಾಗ ಕರಗೋದಿಲ್ಲ."

ದೊಡ್ಡವ್ವ ಅಡುಗೆಮನೆಯ ಕಡೆ ತಿರುಗಿ ಸೊಸೆಗೆ ಕೇಳುವಂತೆ ಕೂಗಿದಳು: "ನೋಡಿದೇನ? ಹೆಣ್ಣುಮಕ್ಕಳಿಗೆ ಸಾಲಿ ಕಲಿಸಿದ್ರ ಮನಿ ಬೇಸಿನ್ನಿನಾಗೂ ಪರೀಕ್ಷಾ ಮಾಡತಾವು!"

ಬೈಗುಳ ಮುಗಿಯುವವರೆಗೆ ನಾನು ನಲ್ಲಿಯ ಬಳಿಯೇ ನಿಂತೆ. ಅದು ನನಗೆ ಗೊತ್ತಿರುವ ಒಂದೇ ವಾದದ ರೀತಿ. ಕೊನೆಗೆ ಅವಳೇ ಬಂದು, ಸೆರಗು ಸರಿಸಿ, ಬಾಯಿ ತೆರೆದು ತೋರಿಸಿದಳು. ಒಸಡು ಊದಿ ಹೊಳೆಯುತ್ತಿತ್ತು. ಕೆಳಗಿನ ಮುಂದಿನ ಎರಡು ಹಲ್ಲುಗಳನ್ನು ಬೆರಳಿನಿಂದ ಮುಟ್ಟಿದಳು. ಅವು ಮೆಲ್ಲಗೆ ಹಂದಾಡಿದವು. ಊದಿದಾಗಲೆಲ್ಲ ಔಷಧಿ ಅಂಗಡಿಯಿಂದ ಪ್ರತಿಸಲವೂ ಅದೇ ಗುಳಿಗೆ ತರಿಸಿ ನುಂಗುತ್ತಿದ್ದಳಂತೆ. ಮೊದಮೊದಲು ಇಳಿಯುತ್ತಿತ್ತಂತೆ, ಈಚೆಗೆ ಇಳಿಯುತ್ತಿಲ್ಲವಂತೆ.

"ಮತ್ತ ಆ ರೊಟ್ಟಿ ಸಪ್ಪಳ?" ಎಂದೆ.

"ದವಡಿಲೆ ಮುರೀತೇನವಾ. ಓಣಿಯವ್ರಿಗೆ ಮುಂದಿನ ಹಲ್ಲೋ ಹಿಂದಿನ ಹಲ್ಲೋ, ಏನ ಗೊತ್ತಾಗತೈತಿ?"

ರಾಣೆಬೆನ್ನೂರಿನಲ್ಲಿ ಒಸಡಿನ ವೈದ್ಯೆಯೊಬ್ಬರಿದ್ದರು. ಹಲಗೇರಿ ಕಡೆಯ ಹುಡುಗಿ, ನನಗಿಂತ ನಾಲ್ಕೈದು ವರುಷ ದೊಡ್ಡವಳಿರಬೇಕು. ದೊಡ್ಡವ್ವ ಹೊರಡುವ ಮೊದಲು ಒಂದು ಷರತ್ತು ಹಾಕಿದಳು: ದೊಡ್ಡಪ್ಪನೂ ಬರಬೇಕು, ಆದರೆ ಹಲ್ಲಿನ ವಿಷಯ ಅವನಿಗೆ ಹೇಳಬಾರದು. ನಾನು ಹೇಳಿದರೂ ಅವನಿಗೆ ಕೇಳುವುದಿಲ್ಲ ಎಂಬುದು ಅವಳಿಗೆ ನೆನಪಾಗಲಿಲ್ಲವೋ ಏನೋ!

ವೈದ್ಯೆ ಸಣ್ಣ ಅಳತೆಯ ಕಡ್ಡಿಯಿಂದ ಹಲ್ಲಿಗೂ ಒಸಡಿಗೂ ನಡುವಿನ ಸಂದಿಯ ಆಳ ನೋಡುತ್ತ, ಪಕ್ಕದ ಸಹಾಯಕಿಗೆ ಅಂಕೆ ಹೇಳುತ್ತ ಹೋದರು. ಐದು. ಆರು. ಐದು. ಮುಂದಿನ ಹಲ್ಲಿಗೆ ಬಂದಾಗ, ಏಳು. ದೊಡ್ಡವ್ವ ಬಾಯಿ ತೆರೆದುಕೊಂಡೇ ನನ್ನ ಕಡೆ ಹೆಮ್ಮೆಯಿಂದ ಕಣ್ಣು ಮಿಟುಕಿಸಿದಳು. ಕಡ್ಡಿ ಹೊರಗೆ ಬಂದ ಕೂಡಲೇ ಕೇಳಿದಳು:

"ಹತ್ತಕ್ಕ ಏಳೇನ್ರಿ?"

"ಇದರೊಳಗ ಕಡಿಮಿ ಬಿದ್ದಷ್ಟೂ ಚಲೋ ರೀ ಅವ್ವಾರ. ಮೂರರ ಒಳಗ ಇರಬೇಕಾಗಿತ್ತು."

ಹೆಚ್ಚು ಅಂಕ ಪಡೆದು ನಪಾಸಾದವರನ್ನು ನಾನು ಅಂದೇ ಮೊದಲು ನೋಡಿದ್ದು.

ವೈದ್ಯೆ ಕನ್ನಡಿ ಹಿಡಿದು ವಿವರಿಸಿದರು. "ಸಂದಿಯೊಳಗ ಕ್ರಿಮಿ ಕುಂತಾವ್ರಿ. ಮದಲ ಒಳಗ ಗಾರೆಯಂಗ ಗಟ್ಟಿಯಾದ ಹೊಲಸು ಕೆರದು ಸ್ವಚ್ಛ ಮಾಡತೇನಿ. ಅದಕ್ಕೂ ಬಗ್ಗದ ಜಾಗಾಕ್ಕ ಒಂದು ನೀಲಿ ಬಣ್ಣ ಬಿಡತೇನಿ. ಕ್ರಿಮಿಗೋಳು ಬಣ್ಣಾ ಹೀರ್ಕೋತಾವು. ಆಮ್ಯಾಲೆ ಕಡ್ಡಿಯಂಥಾದ್ರಲೆ ಕೆಂಪು ಬೆಳಕು ಬಿಡೂದು. ಬೆಳಕು ಬಿದ್ರ ಬಣ್ಣ ಕೆರಳತೈತಿ, ಕ್ರಿಮಿ ಸಾಯತಾವು. ಸುಮ್ಮ ಸುಮ್ಮನ ಗುಳಿಗಿ ನುಂಗೂದು ತಪ್ಪತೈತಿ."

"ಅಂದ್ರ ಬಣ್ಣ ಉಗ್ಗಿ, ಓಕಳಿ ಆಡಿಸಿ ಕೊಲ್ಲೋದು!"

"ಹಂಗ ಅನ್ಕೋರಿ."

ದೊಡ್ಡವ್ವನ ಮುಖ ಅರಳಿತು. ಬೆಳಕಿಗೂ ಬಣ್ಣಕ್ಕೂ ಇರುವ ಹಗೆ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ನಮಗ ಗೊತ್ತಿಲ್ಲೇನ್ರಿ? ಬೆಳಕಿಗೆ ಬಿಟ್ರ ಕಾಯಿ ಬೆಳ್ಳಗಾಗತೈತಿ ಅಂತನ ಚೀಲಗೋಳನ್ನ ಕೋಲ್ಡ್ ಸ್ಟೋರೇಜಿನ ಕತ್ತಲದಾಗ ಇಡತೇವಿ. ಬೆಳಕಿನ ಮುಂದ ಯಾವ ಬಣ್ಣದ್ದೂ ಆಟ ನಡಿಯೂದಿಲ್ಲ. ನೀವು ಹೇಳೂದು ಖರೇ ಐತಿ, ಮಾಡ್ರಿ." ಹೀಗೆ ಆ ಚಿಕಿತ್ಸೆಗೆ ಬ್ಯಾಡಗಿಯ ಮಾನ್ಯತೆ ದೊರೆಯಿತು.

ಆದರೆ ವೈದ್ಯೆ ನೇರ ಮಾತಿನವರು. "ಇದು ಜಾದೂ ಅಲ್ರಿ. ಕೆರದು ಸ್ವಚ್ಛ ಮಾಡೂದ ಮುಖ್ಯ, ಬೆಳಕು ಅದಕ್ಕ ಕೈಗೂಡಸತೈತಿ ಅಷ್ಟ. ಮುಂದಿನ ಎರಡು ಹಲ್ಲು ಉಳೀತಾವಂತ ನಾ ಮಾತು ಕೊಡೂದಿಲ್ಲ. ಉಳೀಲಿಲ್ಲಂದ್ರ ತಗದು ಕಟ್ಟಿಸಿದ ಹಲ್ಲು ಕೂಡಸೋಣು. ಈಗೆಲ್ಲ ಭಾಳ ಚಂದ ಮಾಡತೇವಿ. ರೊಟ್ಟೀನೂ ತಿನ್ನಬಹುದು."

ದೊಡ್ಡವ್ವ ಕುರ್ಚಿಯಲ್ಲಿ ನೆಟ್ಟಗೆ ಕುಳಿತಳು. ಗಾಜಿನ ಬಾಗಿಲಾಚೆ ಬೆಂಚಿನ ಮೇಲೆ ದೊಡ್ಡಪ್ಪ ಕೊಡೆಯ ಹಿಡಿಕೆಗೆ ಗದ್ದ ಊರಿ ಕೂತಿದ್ದ. ಅವಳು ಆ ಕಡೆ ನೋಡಲಿಲ್ಲ.

"ರೊಟ್ಟಿ ಹೋಗಲಿ ಬಿಡ್ರಿ. ಅಂಬಲಿ ಕುಡದು ಇರತೇನಿ. ಹೋದ ದೀಪಾವಳಿ ಮುಂದ ತುಟಿ ಇಷ್ಟು ದಪ್ಪ ಊದಿತ್ತು. ಉಣ್ಣಾಕ ಬರ್ರಿ ಅಂದ್ರ ಅವರು ಹೋಗಿ ಮುಂಚಿ ಬಾಗಲಾ ಹಾಕ್ಕೊಂಡು ಬಂದ್ರು. ನೀರು ಕೊಡ್ರಿ ಅಂದ್ರ ಸುಮ್ಮನ ನನ್ನ ಮಾರಿ ನೋಡಕೋತ ನಿಂತ್ರು. ಊತ ಇಳಿಯೂ ಮಟಾ ಅಂಗಳದಾಗ ಒಬ್ಬರ ಕುಂದರತಿದ್ರು. ನನ್ನ ಬಾಯಿ ಬ್ಯಾರೆ ಆತಂದ್ರ ಅವರು ಯಾರ ಬಾಯಿ ನೋಡಬೇಕ್ರಿ?"

ವೈದ್ಯೆ ಕೈಗವಸು ತೆಗೆದು, ಮತ್ತೆ ಬೇರೆ ಹಾಕಿಕೊಂಡರು. "ಆಗಲ್ರಿ," ಎಂದರು. "ಉಳಸಾಕ ನೋಡೋಣು. ಆದ್ರ ಖಾರದ ಹಲ್ಲುಪುಡಿ ಇವತ್ತಿಗೆ ಬಂದ್."

ಅಲ್ಲಿಂದ ದೊಡ್ಡವ್ವ ಆದರ್ಶ ರೋಗಿಯಾದಳು ಎಂದುಕೊಂಡಿರಾ? ಕೆರೆದು ಸ್ವಚ್ಛ ಮಾಡುವ ಕೆಲಸ ಎರಡು ಸಲಕ್ಕೆ ಮುಗಿಯಿತು. ಗಾಯ ಮಾಯುವವರೆಗೆ ಕೆಲವು ವಾರ ಕಾಯಬೇಕು, ಆಮೇಲೆ ಬಗ್ಗದ ಜಾಗ ಯಾವುದೆಂದು ನೋಡಿ ಬೆಳಕು ಎಂದಿದ್ದರು ವೈದ್ಯೆ. ಕಾಯುವುದು ದೊಡ್ಡವ್ವನ ಜಾತಕದಲ್ಲಿಲ್ಲ. ಒಂದು ದಿನ ಊಟಕ್ಕೆ ಹೋದರೆ ರೊಟ್ಟಿಯ ಸಪ್ಪಳವಿಲ್ಲ. "ಮ್ಯಾಲೆ ಅದಾರ ನೋಡ್ರಿ," ಎಂದು ಸೊಸೆ ನಗು ತಡೆದುಕೊಂಡು ಮಾಳಿಗೆ ತೋರಿಸಿದಳು.

ಮಾಳಿಗೆಯ ತುಂಬ ಮೆಣಸಿನಕಾಯಿ ಹರವಿತ್ತು. ಅದರ ನಟ್ಟನಡುವೆ ಚಾಪೆಯ ಮೇಲೆ ದೊಡ್ಡವ್ವ ಸೂರ್ಯನಿಗೆ ಎದುರಾಗಿ, ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಿ ದೊಡ್ಡದಾಗಿ ತೆರೆದು, ಕೆಳತುಟಿಯನ್ನು ಎರಡು ಬೆರಳಿನಿಂದ ಎಳೆದು ಹಿಡಿದು ಕೂತಿದ್ದಳು. ಕಾಯಿಯ ಜೊತೆಗೆ ಒಸಡನ್ನೂ ಒಣಹಾಕಿದ್ದಳು! ಮಗ್ಗುಲಲ್ಲಿ ಒಂದು ಸಣ್ಣ ಬಾಟಲಿ. ಎತ್ತಿ ನೋಡಿದರೆ ಬಿಳಿ ಬಟ್ಟೆಗೆ ಹಾಕುವ ನೀಲಿ.

"ದೊಡ್ಡವ್ವಾ! ಇದನ್ನ ಹಚ್ಚಿಕೊಂಡ್ಯಾ?"

ಬಾಯಿ ಮುಚ್ಚದೆಯೇ ತಲೆಯಲ್ಲಾಡಿಸಿದಳು. ಇನ್ನೂ ಇಲ್ಲ. ನಾನು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡ ಮೇಲೆ ತುಟಿ ಬಿಟ್ಟಳು.

"ಅಕಿ ಮಾಡೂದೂ ಇದ ಅಲ್ಲೇನ? ಬಣ್ಣ ಹಚ್ಚಿ ಬೆಳಕಿಗೆ ಹಿಡಿಯೂದು. ಸೂರ್ಯಪ್ಪನ ಬೆಳಕು ಏನ ಕಡಿಮಿ ಐತಿ?"

"ಅದಕ್ಕ ಬ್ಯಾರೆ ಬಣ್ಣ ಬೇಕು. ಆ ಬಣ್ಣಕ್ಕ ಹೊಂದೂ ಬೆಳಕ ಬೇಕು. ಅದು ಸಂದಿಯೊಳಗ ಹೋಗಬೇಕು. ಇದು ವಿಷ."

"ನಿನ್ನ ಬಾಟ್ಲಿಗೋಳೆಲ್ಲಾ ಅಮೃತ, ನಮ್ಮ ಬಾಟ್ಲಿ ವಿಷ!"

ಪಕ್ಕದ ಮಾಳಿಗೆಯಿಂದ ಯಾರೋ ಕೇಳಿದರು: "ಏನ್ ನಡಸೀರೀ ಅಕ್ಕಾರ, ಯೋಗಾನ?"

"ಹೂಂ, ನೀನೂ ಬಾಯಿ ತಕ್ಕೊಂಡು ಕುಂದ್ರ, ಮಾತು ಕಡಿಮಿ ಆಗತಾವು!" ಎಂದು ದೊಡ್ಡವ್ವ ಕೂಗಿದಳು. ವಾರದೊಳಗೆ ಓಣಿಯ ಮತ್ತೊಂದೆರಡು ಮಾಳಿಗೆಗಳ ಮೇಲೂ ಹೆಂಗಸರು ಸೂರ್ಯನಿಗೆ ಬಾಯಿ ತೆರೆದು ಕೂರುವುದು ಕಾಣಿಸಿತು. ಯಾವ ರೋಗಕ್ಕೆ ಎಂದು ಅವರಾರಿಗೂ ತಿಳಿದಿರಲಿಲ್ಲ. ದೊಡ್ಡವ್ವ ಮಾಡುತ್ತಾಳೆಂದರೆ ಏನಾದರೂ ಲಾಭವಿರಲೇಬೇಕಲ್ಲ!

ಬೆಳಕಿನ ದಿನ ಬಂತು. ಬಹುಪಾಲು ಸಂದಿಗಳು ಕೆರೆದಿದ್ದಕ್ಕೇ ಮಾತು ಕೇಳಿದ್ದವು. ಮುಂದಿನ ಆ ಎರಡು ಹಲ್ಲುಗಳ ಸುತ್ತ ಮಾತ್ರ ಹಟ ಹಿಡಿದಿದ್ದವು. ವೈದ್ಯೆ ಮೊಂಡು ಸೂಜಿಯಿಂದ ಅಲ್ಲಿ ನೀಲಿ ಬಣ್ಣ ಬಿಟ್ಟರು. ಅದು ಒಳಗೆ ಇಳಿಯಲಿ ಎಂದು ತುಸು ಕಾದು, ಹೆಚ್ಚಿನದನ್ನು ತೊಳೆದರು. ಎಲ್ಲರಿಗೂ ಬಣ್ಣದ ಕನ್ನಡಕ ಬಂತು. ದೊಡ್ಡವ್ವ ತನ್ನ ಕನ್ನಡಕ ಹಾಕಿಕೊಂಡು, ಸಹಾಯಕಿಯ ಕೈಯ ಕನ್ನಡಿಯಲ್ಲಿ ತನ್ನನ್ನೇ ನೋಡಿ, "ಹೀರೋಯಿನ್ ಕಂಡಂಗ ಕಾಣತೇನಿ," ಎಂದು ನೀಲಿ ನಾಲಿಗೆಯಿಂದ ಹೇಳಿ ಒರಗಿದಳು. ಆಮೇಲೆ ಬಾಯಿ ತೆರೆಯಬೇಕಾಯಿತು. ಎಳೆಯಷ್ಟು ತೆಳ್ಳಗಿನ ಕಡ್ಡಿ ಒಂದೊಂದೇ ಸಂದಿಗೆ ಇಳಿಯಿತು. ಒಸಡು ಒಳಗಿನಿಂದ ಕೆಂಪಗೆ ಬೆಳಗಿತು. ನಾನು ದಿನವೂ ಅಳೆಯುವ ಕೆಂಪಲ್ಲ ಅದು. ಅಂಗೈಯಿಂದ ಟಾರ್ಚು ಮುಚ್ಚಿಕೊಂಡಾಗ ಬೆರಳ ಸಂದಿನಲ್ಲಿ ಕಾಣುತ್ತದಲ್ಲ, ಅಂಥದ್ದು. ಒಂದೊಂದು ಜಾಗದಲ್ಲೂ ನಿಮಿಷದ ಹೊತ್ತು ನಿಂತು ಮುಂದಕ್ಕೆ ಹೋಗುತ್ತಿತ್ತು. ನೋವಿಲ್ಲ, ಸದ್ದಿಲ್ಲ. ದೊಡ್ಡವ್ವನ ಪಕ್ಕದಲ್ಲಿ ಅಷ್ಟು ಹೊತ್ತು ಮೌನವಾಗಿ ಇದ್ದ ನೆನಪು ನನಗಿಲ್ಲ.

ಆ ಮೌನ ಹೊರಗಿದ್ದವನಿಗೆ ತಡೆಯಲಾಗಲಿಲ್ಲ. ದೊಡ್ಡಪ್ಪ ಗಾಜಿನ ಬಾಗಿಲಿಗೆ ಬಂದು ನಿಂತಿದ್ದ. ನಾನು ಹೊರಗೆ ಹೋದೆ. ಹಲ್ಲಿನ ಗುಟ್ಟು ಅವನಿಗೆ ಎಂದೋ ತಿಳಿದಿತ್ತು. ದಿನವೂ ಅದೇ ಬಾಯಿಯನ್ನು ನೋಡುವವನಿಗೆ ತಿಳಿಯದೆ ಇದ್ದೀತೇ?

"ಏನಂತಾಳ ಅಕಿ?" ಎಂದು ಕೇಳಿದ. ತನ್ನ ದನಿಯ ಎತ್ತರ ಅವನಿಗೆ ತಿಳಿಯದು. ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಏನೂ ಆಗಿಲ್ಲ, ದೊಡ್ಡಪ್ಪ. ಬೆಳಕು ಬಿಡಾಕತ್ತಾರ," ಎಂದೆ. ಅವನು ನನ್ನ ತುಟಿಗಳನ್ನು ಬಹಳ ಕಷ್ಟಪಟ್ಟು ನೋಡಿದ. ಮತ್ತೆ ಹೇಳಿದೆ, ನಿಧಾನವಾಗಿ. ತಿಳಿಯಲಿಲ್ಲ. ಅಭ್ಯಾಸದಂತೆ ಅವನ ಮುಖ ಒಳಗಿನ ಕುರ್ಚಿಯ ಕಡೆ ತಿರುಗಿತು. ಅಲ್ಲಿ ಕನ್ನಡಕ ಹಾಕಿದ, ಬಾಯಿ ತೆರೆದ, ಅವನನ್ನು ನೋಡಲಾಗದ ದೊಡ್ಡವ್ವ. ನಾನು ಮೊಬೈಲಿನಲ್ಲಿ ದೊಡ್ಡ ಅಕ್ಷರದಲ್ಲಿ "ಚಲೋ ನಡದೈತಿ" ಎಂದು ಬರೆದು ತೋರಿಸಿದೆ. ಓದಿದ. ತಲೆಯಾಡಿಸಿದ. ಆದರೆ ಅದು ನಂಬಿಕೆಯ ತಲೆಯಾಡಿಕೆಯಾಗಿರಲಿಲ್ಲ. ಮೊಬೈಲಿನ ಮಾತನ್ನು ಅವನು ಎಂದೂ ಪೂರ್ತಿ ನಂಬಿದವನಲ್ಲ.

ನೀಲಿ ಬಣ್ಣ ಸಂಜೆಯವರೆಗೆ ಅಷ್ಟಿಷ್ಟು ಉಳಿಯಬಹುದು ಎಂದು ವೈದ್ಯೆ ಹೇಳಿ ಕಳಿಸಿದ್ದರು. ಅಂದು ಸಂಜೆಯೇ ಸೊಸೆಯ ತವರಿನವರು, ಗುತ್ತಲದ ಬೀಗರು, ಹೇಳದೆ ಕೇಳದೆ ಬಂದಿಳಿದರು. ದೊಡ್ಡವ್ವನ ಬಾಯಿಗೆ ಹೆದರಿ ಅವರು ಬರುವುದೇ ಅಪರೂಪ. ಆದರೆ ಅಂದು ಏನಾಯಿತು? ದೊಡ್ಡವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಕಣ್ಣು ಕೆಳಗೆ ಹಾಕಿ, ಹೊಸ ಮದುಮಗಳ ಹಾಗೆ ಮೂಲೆಯಲ್ಲಿ ಕೂತಳು. ಕೇಳಿದ್ದಕ್ಕೆ "ಹೂಂ," "ಉಹೂಂ," ಅಷ್ಟೇ. ಚಹಾ ಕುಡಿಯುವಾಗಲೂ ಗೋಡೆಯ ಕಡೆ ತಿರುಗಿದಳು. ಬೀಗರು ಹೋಗುವಾಗ ಬೀಗಿತ್ತಿ ಸೊಸೆಯ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು:

"ನಿಮ್ಮತ್ತಿ ಎಷ್ಟು ಮರ್ಯಾದಿ ಹೆಣ್ಮಗಳವಾ! ನಾವ ತಪ್ಪು ತಿಳದಿದ್ವಿ."

ಅವರ ಗಾಡಿ ಓಣಿ ದಾಟಿದ್ದೇ ತಡ, ದೊಡ್ಡವ್ವ ಸೆರಗು ಕೆಳಗಿಳಿಸಿ ನೀಲಿ ಬಾಯಿಯಿಂದ ಒಂದು ದೀರ್ಘ ಭಾಷಣ ಮಾಡಿದಳು. ಅಷ್ಟು ಹೊತ್ತು ಒಳಗೆ ಕೂಡಿಟ್ಟದ್ದು, ಪಾಪ!

ಆಮೇಲಿನ ದಿನಗಳಲ್ಲಿ ಅವಳು ಮೆತ್ತನೆಯ ಬ್ರಶ್ಶಿನಿಂದ ಹಲ್ಲುಜ್ಜಿದಳು. ಹಲ್ಲಿನ ಸಂದಿಗೆ ಬೇರೆಯದೇ ಸಣ್ಣ ಬ್ರಶ್ಶು. ಅದನ್ನು ನೋಡಿ ಮೊದಲು "ಇದು ಇಲಿ ಬಾಲ" ಎಂದು ನಕ್ಕವಳು, ಆಮೇಲೆ ಅದು ಒಂದು ದಿನ ಕಾಣದಾದಾಗ ಮನೆಯನ್ನೇ ತಲೆಕೆಳಗು ಮಾಡಿದಳು. ಖಾರದ ಹಲ್ಲುಪುಡಿಯ ಡಬ್ಬಿ ಹಿತ್ತಲಿಗೆ ಹೋಯಿತು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದಳು. ಓಣಿಯ ಮಧ್ಯಾಹ್ನಗಳು ಸಪ್ಪಳವಿಲ್ಲದೆ ಕಳೆದವು. ನಾನು ಬೇಸಿನ್ನಿನ ನೀರು ನೋಡುವುದನ್ನು ಬಿಡಲಿಲ್ಲ, ಅವಳು ಅದಕ್ಕಾಗಿ ಬೈಯುವುದನ್ನೂ ಬಿಡಲಿಲ್ಲ. ನೀರು ತಿಳಿಯಾಗುತ್ತ ಬಂತು. ಆದರೆ ಹಲ್ಲಿನ ವಿಷಯ ತೀರ್ಮಾನವಾಗಬೇಕಾದದ್ದು ಮೂರು ತಿಂಗಳ ನಂತರದ ತಪಾಸಣೆಯಲ್ಲಿ. ಆ ದಿನ ಹತ್ತಿರ ಬಂದ ಹಾಗೆ ದೊಡ್ಡವ್ವ ಜಗಳವಾಡುವುದನ್ನೇ ಕಡಿಮೆ ಮಾಡಿದಳು. ಸೊಸೆ ಹೆದರಿ ನನಗೆ ಫೋನು ಮಾಡಿದಳು.

ಅಂದು ಕೂಡ ಮೂವರೂ ಹೋದೆವು. ದೊಡ್ಡಪ್ಪ ಗಾಜಿನ ಬಾಗಿಲಾಚೆ ಬೆಂಚಿನ ಮೇಲೆ ಕೂತ. ವೈದ್ಯೆ ಕಡ್ಡಿ ಇಳಿಸಿ ಅಂಕೆ ಹೇಳತೊಡಗಿದರು. ಮೂರು. ಎರಡು. ಮೂರು. ದೊಡ್ಡವ್ವ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದಿದ್ದಳು. ಕಡ್ಡಿ ಮುಂದಿನ ಎರಡು ಹಲ್ಲಿಗೆ ಬಂತು. ವೈದ್ಯೆ ಒಂದು ಸಲ ನೋಡಿದರು. ಮತ್ತೊಂದು ಸಲ ನೋಡಿದರು.

"ನಾಕು," ಎಂದರು. "ರಕ್ತ ಇಲ್ಲ."

ಬೆರಳಿನಿಂದ ಹಲ್ಲು ಅಲುಗಿಸಿ ನೋಡಿದರು. "ಒಂಚೂರು ಹಂದ್ಯಾಡತಾವು. ಹಿಂದಿನಿಂದ ಸಣ್ಣ ತಂತಿ ಕಟ್ಟಿ ಆಜುಬಾಜು ಹಲ್ಲಿಗೆ ಜೋಡಸತೇನಿ. ಹೊರಗ ಕಾಣೂದಿಲ್ಲ. ಕಾಳಜಿ ತಗೊಂಡು ನಾ ಹೇಳಿದಾಗೊಮ್ಮೆ ಬರಬೇಕು. ಆದ್ರ ಇವು ಇರಲಿ ಅವ್ವಾರ. ತಗಿಯೂದು ಬ್ಯಾಡ."

ನಾನು ಕೂಗಿಗೆ ಸಿದ್ಧಳಾಗಿದ್ದೆ. ವೈದ್ಯೆಯೂ ಸಿದ್ಧರಾಗಿದ್ದಂತೆ ಕಂಡಿತು. ಅಂಥ ಸುದ್ದಿಗೆ ದೊಡ್ಡವ್ವ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕೂಗಬೇಕಾಗಿತ್ತಲ್ಲ! ಅವಳು ಕೂಗಲಿಲ್ಲ. ಸೆರಗಿನಿಂದ ತುಟಿ ಒರೆಸಿಕೊಂಡು, ಕುರ್ಚಿಯಲ್ಲೇ ಪಕ್ಕಕ್ಕೆ ಹೊರಳಿ, ಗಾಜಿನ ಆಚೆ ನೋಡಿದಳು. ದೊಡ್ಡಪ್ಪ ಆಗಲೇ ಎದ್ದು ನಿಂತಿದ್ದ.

ಅವಳು ತುಟಿ ಆಡಿಸಿದಳು. ಮೊದಲು ಒಂದೆರಡು ಮಾತು. ಹಲ್ಲು ಉಳಿದದ್ದು ಹೇಳಿದಳು ಎಂದು ಅವನ ಮುಖ ನೋಡಿಯೇ ನನಗೆ ತಿಳಿಯಿತು. ಆಮೇಲೆಯೂ ಅವಳು ನಿಲ್ಲಿಸಲಿಲ್ಲ. ಏನೋ ಉದ್ದದ ಮಾತು, ನಡುವೆ ನಗು, ಮತ್ತೆ ಮಾತು. ಆ ಕೆಳಗಿನ ಎರಡು ಹಲ್ಲುಗಳು ಮಿಂಚಿ ಮರೆಯಾಗುತ್ತಿದ್ದವು. ದೊಡ್ಡಪ್ಪ ಗಾಜಿಗೆ ಇನ್ನೂ ಹತ್ತಿರ ಬಂದ. ಬಂದು ಉತ್ತರ ಕೊಟ್ಟ. ದನಿಯಿಲ್ಲದೆ, ಬರೀ ತುಟಿಯಲ್ಲಿ. ಅವನೂ ಹಾಗೆ ಮಾತಾಡಬಲ್ಲ ಎಂದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ. ನಮ್ಮೊಂದಿಗೆಲ್ಲ ಅವನು ಜೋರಾಗಿಯೇ ಮಾತಾಡುತ್ತಿದ್ದನಲ್ಲ. ದೊಡ್ಡವ್ವ ಓದಿದಳು. ಓದಿ ನಾಚಿದಳು. ಈ ವಯಸ್ಸಿನ ದೊಡ್ಡವ್ವ, ಬೀಗರು ಹೆದರುವ ದೊಡ್ಡವ್ವ, ಈಗ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ನೀಲಿ ಮುಚ್ಚಲು ಅಲ್ಲ.

ಇಷ್ಟು ವರುಷ ನಮ್ಮೆಲ್ಲರ ಕಣ್ಣೆದುರಿಗೆ, ಊಟದ ಪಂಕ್ತಿಯಲ್ಲಿ, ಗಿರಣಿಯ ಗದ್ದಲದಲ್ಲಿ, ಮನೆ ತುಂಬ ಜನರಿದ್ದಾಗ ಇವರಿಬ್ಬರೂ ಯಾರಿಗೂ ಕೇಳದಂತೆ ಏನೇನು ಹೇಳಿಕೊಂಡಿರಬಹುದು!

ದೊಡ್ಡಪ್ಪನನ್ನು ಒಳಗೆ ಕರೆಯಲೆಂದು ನಾನು ಬಾಗಿಲ ಹಿಡಿಕೆಗೆ ಕೈ ಹಾಕಿದ್ದೆ. ವೈದ್ಯೆ ಕೈ ತೊಳೆಯುವ ನೆಪದಲ್ಲಿ ನಲ್ಲಿಯ ಕಡೆ ತಿರುಗಿಕೊಂಡರು. ನಾನೂ ಗೋಡೆಯ ಕಡೆ ತಿರುಗಿದೆ. ಬಾಗಿಲು ತೆರೆಯಲಿಲ್ಲ.